ಪ್ರಾಜೆಕ್ಟ್ ಬ್ಯಾಚ್‌ನಲ್ಲಿ ಕೀಬೋರ್ಡ್ ಯಾರ ಕೈಯಲ್ಲಿ?

ಲ್ಯಾಬ್_ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಒಂದು ಜಿಲ್ಲಾ ಕೇಂದ್ರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮೇಡಂ. ವಿಟಿಯು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಸಾಫ್ಟ್‌ವೇರ್ ಇಂಜಿನಿಯರಿಂಗ್ ಪಾಠ, ಮಿನಿ ಪ್ರಾಜೆಕ್ಟ್, ಕೊನೇ ವರ್ಷದ ಪ್ರಾಜೆಕ್ಟ್ ಗೈಡ್, ಇವು ನನ್ನ ಪಾಲಿನ ಕೆಲಸ. ಹನ್ನೊಂದು ವರ್ಷ ಆಯಿತು.

ಕಳೆದ ತಿಂಗಳು ನಮ್ಮಲ್ಲಿ 'ವೈವಿಧ್ಯ ಮತ್ತು ಒಳಗೊಳ್ಳುವಿಕೆ' ಅಂತ ಒಂದು ದಿನದ ಕಾರ್ಯಾಗಾರ ನಡೆಯಿತು. ದೀಪ ಹಚ್ಚಿದ್ದಾಯಿತು, ಹೂಗುಚ್ಛ ಕೊಟ್ಟಿದ್ದಾಯಿತು, ಗ್ರೂಪ್ ಫೋಟೋ ತೆಗೆದು ನ್ಯಾಕ್ ಮಾನ್ಯತೆಯ ಫೈಲಿಗೆ ಸೇರಿಸಿದ್ದೂ ಆಯಿತು. ಅದೇ ಮಧ್ಯಾಹ್ನ ನನಗೆ ಪ್ರಾಜೆಕ್ಟ್ ರಿವ್ಯೂ ಇತ್ತು. ಒಬ್ಬೊಬ್ಬರನ್ನೂ ಒಂದೇ ಮಾತು ಕೇಳಿದೆ: "ಇದರಲ್ಲಿ ನೀನು ಬರೆದ ಕೋಡ್ ತೋರಿಸು."

ಬ್ಯಾಚಿನಿಂದ ಬ್ಯಾಚಿಗೆ ಹುಡುಗಿಯರ ಉತ್ತರ ಒಂದೇ. "ಮೇಡಂ, ನಾನು ರಿಪೋರ್ಟ್ ಮಾಡಿದೆ." "ಮೇಡಂ, ನಾನು ಪಿಪಿಟಿ." ಒಬ್ಬಳು ಮಾತ್ರ "ನಾನು ಲಾಗಿನ್ ಪೇಜ್ ಬಣ್ಣ ಬದಲಾಯಿಸಿದೆ" ಅಂದಳು. ಇವರೇನು ದಡ್ಡಿಯರಲ್ಲ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಪರೀಕ್ಷೆಯಲ್ಲಿ ಹುಡುಗರಿಗಿಂತ ಜಾಸ್ತಿ ಅಂಕ ತೆಗೆದವರು.

ನಮ್ಮ ಕ್ಲಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಹುಡುಗಿಯರೇ. ಹಾಗಾಗಿ 'ಹುಡುಗಿಯರು ಬರುತ್ತಿಲ್ಲ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬಂದಿದ್ದಾರೆ, ಕೂತಿದ್ದಾರೆ, ಕೀಬೋರ್ಡ್ ಮಾತ್ರ ಪಕ್ಕದವನ ಕೈಯಲ್ಲಿದೆ. ನೀವೆಲ್ಲ ನಿಮ್ಮ ಲ್ಯಾಬ್‌ನಲ್ಲಿ ಏನು ಮಾಡುತ್ತೀರಿ? ಘೋಷಣೆ ಬೇಡ. ಸೋಮವಾರ ಬೆಳಿಗ್ಗೆ ಹೋಗಿ ಮಾಡಬಹುದಾದದ್ದು ಏನಾದರೂ ಇದ್ದರೆ ಹೇಳಿ.

ಮೂವತ್ತು_ವರ್ಷದ_ಮೇಷ್ಟ್ರು

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಸ್ವಲ್ಪ ಎದುರು ಮಾತಾಡುತ್ತೇನೆ. ಬ್ಯಾಚ್ ಮಕ್ಕಳೇ ಮಾಡಿಕೊಳ್ಳುತ್ತಾರೆ, ಕೆಲಸವನ್ನೂ ಅವರೇ ಹಂಚಿಕೊಳ್ಳುತ್ತಾರೆ. ಕಂಪನಿಯಲ್ಲೂ ಹಾಗೇ ತಾನೇ? ಒಬ್ಬ ಕೋಡ್ ಬರೆಯುತ್ತಾನೆ, ಒಬ್ಬ ಟೆಸ್ಟ್ ಮಾಡುತ್ತಾನೆ, ಒಬ್ಬ ಡಾಕ್ಯುಮೆಂಟ್ ಬರೆಯುತ್ತಾನೆ. ರಿಪೋರ್ಟ್ ಬರೆಯುವುದು ಕೀಳು ಕೆಲಸ ಅಂತ ಯಾರು ಹೇಳಿದರು? ನೆಟ್ಟಗೆ ರಿಕ್ವೈರ್‌ಮೆಂಟ್ (ಸಾಫ್ಟ್‌ವೇರ್ ಏನು ಮಾಡಬೇಕು ಅನ್ನುವುದು) ಬರೆಯಲು ಬರುವವರು ಸಿಕ್ಕುವುದೇ ಅಪರೂಪ. ನಾವು ನಡುವೆ ಕೈ ಹಾಕಿದರೆ ಇರುವ ಸ್ನೇಹವೂ ಕೆಡುತ್ತದೆ.

ಟೆಸ್ಟರ್_ಅಕ್ಕ

ಸರ್, ಕಂಪನಿಯಲ್ಲಿ ನಮ್ಮ ಟೀಮನ್ನು ನಾವು ಆರಿಸಿಕೊಳ್ಳುವುದಿಲ್ಲ. ಮ್ಯಾನೇಜರ್ ಹಾಕಿದ ಕಡೆ ಕೂರುತ್ತೇವೆ. ಅಲ್ಲಿಗೆ ಆ ಹೋಲಿಕೆ ಮುಗಿಯಿತು.

ನಾನು ಆ 'ರಿಪೋರ್ಟ್ ಹುಡುಗಿ' ಆಗಿದ್ದವಳು. ನಮ್ಮದು ನಾಲ್ಕು ಜನರ ಬ್ಯಾಚ್. ಲ್ಯಾಬ್ ರಾತ್ರಿ 8ರವರೆಗೆ ತೆರೆದಿರುತ್ತಿತ್ತು. ಹುಡುಗಿಯರ ಹಾಸ್ಟೆಲ್ ಗೇಟು ಮುಚ್ಚುತ್ತಿದ್ದದ್ದು 6.30ಕ್ಕೆ. ಹುಡುಗರು ಲ್ಯಾಬ್ ಮುಗಿಸಿ ರೂಮಿಗೆ ಹೋಗಿ ರಾತ್ರಿ ಎರಡು ಗಂಟೆಯವರೆಗೆ ಕೂತು ಬರೆಯುತ್ತಿದ್ದರು. ಬೆಳಿಗ್ಗೆ ನಾವು ಬರುವಷ್ಟರಲ್ಲಿ ಕೋಡ್ ಎಷ್ಟು ಮುಂದೆ ಹೋಗಿರುತ್ತಿತ್ತು ಅಂದರೆ, ಏನು ನಡೆದಿದೆ ಅಂತ ಕೇಳಿ ತಿಳಿದುಕೊಳ್ಳುವುದರಲ್ಲೇ ದಿನ ಮುಗಿಯುತ್ತಿತ್ತು. ಪಾಪ, ಅವರು ಕೆಟ್ಟವರಲ್ಲ. "ನೀವು ರಿಪೋರ್ಟ್ ನೋಡಿಕೊಳ್ಳಿ, ಇದು ನಮಗಿರಲಿ" ಅಂದರು. ನಮಗೂ ಅದೇ ಸರಿ ಅನಿಸಿತು.

ಆಮೇಲೆ ಇಂಟರ್ವ್ಯೂನಲ್ಲಿ ಕೇಳಿದರು, "ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾತ್ರ ಏನು?" ನಾನು ಬೈಂಡಿಂಗ್ ಅಂಗಡಿಗೆ ಮೂರು ಸಲ ಹೋಗಿದ್ದೆ ಸರ್. ಕಪ್ಪು ರೆಕ್ಸಿನ್, ಬಂಗಾರದ ಅಕ್ಷರ, ನಾಲ್ಕು ಪ್ರತಿ. ಅದನ್ನು ಇಂಟರ್ವ್ಯೂನಲ್ಲಿ ಹೇಗೆ ಹೇಳಲಿ?

ಮೂವತ್ತು_ವರ್ಷದ_ಮೇಷ್ಟ್ರು

ಗೇಟಿನ ವಿಷಯ ಒಪ್ಪುತ್ತೇನೆ. ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ನಾನ್ನೂರರ_ಹುಡುಗ

ಹುಡುಗಿಯರ ಮಾತು ಬಂತು. ನಮ್ಮ ಮಾತೂ ಸ್ವಲ್ಪ ಕೇಳಿ.

ನಾನು ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಸೇರಿದವನು. ವಿಟಿಯುನಲ್ಲಿ ಓದಿದವರಿಗೆ ಗೊತ್ತಿರುತ್ತದೆ, ನಮ್ಮ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆಯ ಕೊನೇ ಮೂರು ಅಂಕಿ 400ರಿಂದ ಶುರು. ಉಳಿದವರದ್ದು 001, 002. ಅಂದರೆ ನಂಬರ್ ನೋಡಿದ ಕೂಡಲೇ ಇವನು ಡಿಪ್ಲೊಮಾದವನು ಅಂತ ಗೊತ್ತಾಗುತ್ತದೆ. ವೈವಾಗೆ ಬಂದ ಎಕ್ಸ್‌ಟರ್ನಲ್ ಪರೀಕ್ಷಕರಿಗೂ ಗೊತ್ತಾಗುತ್ತದೆ.

ಅದು ಬರೀ ನಂಬರ್, ತೊಂದರೆಯಿಲ್ಲ. ತೊಂದರೆ ಶುರುವಾದದ್ದು ನಮ್ಮ ಕಾಲೇಜಿನಲ್ಲಿ ಲ್ಯಾಬ್ ಬ್ಯಾಚನ್ನು ಯುಎಸ್‌ಎನ್ ಪ್ರಕಾರ ಕತ್ತರಿಸಿದಾಗ. ಲಿಸ್ಟಿನ ತಳದಲ್ಲಿ ಇರುವವರು ನಾವೇ. ಮೂರು ವರ್ಷ ನಾವೇ ಹತ್ತು ಜನ ಒಂದು ಮೂಲೆ. ಮೊದಲ ವರ್ಷದಲ್ಲೇ ಸ್ನೇಹ ಆದವರು ಒಬ್ಬರಿಗೊಬ್ಬರು ನೋಟ್ಸ್ ಕೊಡುತ್ತಿದ್ದರು, ಯಾವ ಮೇಷ್ಟ್ರು ಏನು ಕೇಳುತ್ತಾರೆ ಅಂತ ಹೇಳಿಕೊಳ್ಳುತ್ತಿದ್ದರು. ಆ ಸುದ್ದಿ ನಮ್ಮ ಮೂಲೆಗೆ ಬರುತ್ತಿರಲಿಲ್ಲ. ಪ್ರಾಜೆಕ್ಟ್ ಬ್ಯಾಚ್ ನೀವೇ ಮಾಡಿಕೊಳ್ಳಿ ಅಂದಾಗ ನಮ್ಮನ್ನು ಯಾರು ಕರೆಯುತ್ತಾರೆ? ಮತ್ತೆ ನಾವು ನಾವೇ.

ತಮಾಷೆ ಏನು ಗೊತ್ತಾ? ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಲ್ಯಾಬ್ ಮಾಡಿ ಬಂದ ನಮಗೆ ಕೈಕೆಲಸ ಅವರಿಗಿಂತ ಚೆನ್ನಾಗಿ ಬರುತ್ತಿತ್ತು. ಮ್ಯಾಥ್ಸ್‌ನಲ್ಲಿ ನಾವು ಹಿಂದೆ. ಅವರನ್ನೂ ನಮ್ಮನ್ನೂ ಕಲಸಿದ್ದರೆ ಇಬ್ಬರಿಗೂ ಲಾಭ ಇತ್ತು. ಕಲಸಲು ಬೇಕಿದ್ದದ್ದು ಎಕ್ಸೆಲ್ ಶೀಟಿನಲ್ಲಿ ಒಂದು ಸಾರ್ಟ್, ಅಷ್ಟೇ.

ಲ್ಯಾಬ್_ಮೇಡಂ

ನಾನೂ ಯುಎಸ್‌ಎನ್ ಪ್ರಕಾರವೇ ಬ್ಯಾಚ್ ಮಾಡುತ್ತಿದ್ದೆ. ಹಾಜರಾತಿ ಹಾಕಲು ಸುಲಭ ಅಂತ. ನಾಚಿಕೆ ಆಗುತ್ತಿದೆ.

ಕಡಲಾಚೆ_ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಎಂಎಸ್ ಮಾಡುವಾಗ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದೆ. ಈ ವಿಷಯದಲ್ಲಿ ಇಲ್ಲಿನವರು ಎರಡು ಕಡೆಯ ಕಥೆ ಯಾವಾಗಲೂ ಹೇಳುತ್ತಾರೆ.

ಮೊದಲನೆಯದು ಕಾರ್ನೆಗಿ ಮೆಲನ್. 1995ರಲ್ಲಿ ಅಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದವರಲ್ಲಿ ಹುಡುಗಿಯರು 7%. 2000ದ ಹೊತ್ತಿಗೆ 42%. ಜೇನ್ ಮಾರ್ಗೋಲಿಸ್, ಆಲನ್ ಫಿಶರ್ ಅನ್ನುವ ಇಬ್ಬರು ಅಲ್ಲಿನ ಮಕ್ಕಳ ಜೊತೆ ವರ್ಷಗಟ್ಟಲೆ ಕೂತು ಮಾತಾಡಿದರು. ಗೊತ್ತಾದದ್ದು ಇಷ್ಟು: ಚಿಕ್ಕಂದಿನಿಂದ ಮನೆಯಲ್ಲಿ ಕಂಪ್ಯೂಟರ್ ಬಿಚ್ಚಿ ಆಡಿದ ಹುಡುಗರನ್ನೇ ಕಾಲೇಜು 'ನಿಜವಾದ ಕಂಪ್ಯೂಟರ್ ವಿದ್ಯಾರ್ಥಿ' ಅಂದುಕೊಂಡಿತ್ತು. ಮೊದಲೇ ಪ್ರೋಗ್ರಾಮಿಂಗ್ ಬರುತ್ತದಾ ಅನ್ನುವುದಕ್ಕೆ ಪ್ರವೇಶದಲ್ಲಿ ಕೊಡುತ್ತಿದ್ದ ತೂಕ ತೆಗೆದರು. ಹೊಸಬರಿಗೂ ಬಂದು ಸೇರಲು ದಾರಿ ಮಾಡಿದರು.

ಎರಡನೆಯದು ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜು. 2006ರಲ್ಲಿ ಮಾರಿಯಾ ಕ್ಲಾವೆ ಅದರ ಅಧ್ಯಕ್ಷೆಯಾದರು. ಆಗ ಕಂಪ್ಯೂಟರ್ ಸೈನ್ಸ್ ಆರಿಸಿಕೊಳ್ಳುವವರಲ್ಲಿ ಹುಡುಗಿಯರು ಸುಮಾರು 10%. ಕೆಲವೇ ವರ್ಷದಲ್ಲಿ 40% ಮುಟ್ಟಿತು. ಮೊದಲ ಕೋರ್ಸನ್ನು ಜಾವಾದಿಂದ ಪೈಥಾನ್‌ಗೆ ಬದಲಿಸಿದರು. ಮೊದಲೇ ಕೋಡ್ ಬಂದವರಿಗೆ ಒಂದು ಕ್ಲಾಸು, ಬಾರದವರಿಗೆ ಇನ್ನೊಂದು. ಇನ್ನೊಂದು ಸಣ್ಣ ಕೆಲಸ ಮಾಡಿದರು, ನನಗೆ ಅದೇ ಇಷ್ಟ. ಕ್ಲಾಸಿನಲ್ಲಿ ಎಲ್ಲದಕ್ಕೂ ತಾನೇ ಕೈ ಎತ್ತಿ, ಯಾರಿಗೂ ಅರ್ಥವಾಗದ ದೊಡ್ಡ ಪ್ರಶ್ನೆ ಕೇಳುವ ಒಬ್ಬ ಇರುತ್ತಾನಲ್ಲ, ಅವನನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದರು: ನಿನ್ನ ಉತ್ಸಾಹ ನಮಗೆ ಖುಷಿ, ಇದನ್ನೆಲ್ಲ ಕ್ಲಾಸ್ ಆದಮೇಲೆ ನಾವಿಬ್ಬರೇ ಮಾತಾಡೋಣ. ಅವನಿಗೂ ಅವಮಾನ ಇಲ್ಲ, ಉಳಿದವರಿಗೂ ಉಸಿರಾಡಲು ಜಾಗ.

ಮಿಡಲ್_ಬೆಂಚ್

ನಮ್ಮ ಕ್ಲಾಸಿನಲ್ಲಿ ಅಂಥವನನ್ನು ಕರೆದು ಬೆಸ್ಟ್ ಸ್ಟೂಡೆಂಟ್ ಕಪ್ ಕೊಟ್ಟರು ಗುರು.

ಲ್ಯಾಬ್_ಮೇಡಂ

ಹ್ಹ ಹ್ಹ. ಕಡಲಾಚೆ ಸರ್, ಚೆನ್ನಾಗಿ ಹೇಳಿದಿರಿ. ಆದರೆ ಅವರ ರೋಗ ಬೇರೆ, ನಮ್ಮದು ಬೇರೆ. ಅಲ್ಲಿ 1984ರಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ 37% ಹೆಂಗಸರಿದ್ದರು, ಆಮೇಲೆ ಆ ಸಂಖ್ಯೆ ಕುಸಿಯಿತು. ಹಾಗಾಗಿ ಅವರಿಗೆ ಮೊದಲ ಚಿಂತೆ, ಬಾಗಿಲ ಒಳಗೆ ಕರೆತರುವುದು. ನಮ್ಮಲ್ಲಿ ಅಪ್ಪ ಅಮ್ಮನೇ ಕೈ ಹಿಡಿದು ಕರೆತರುತ್ತಾರೆ. "ಸಿವಿಲ್, ಮೆಕ್ಯಾನಿಕಲ್ ಬೇಡ ಮಗಳೇ, ಸೈಟಿಗೆ ಹೋಗಬೇಕು, ಬಿಸಿಲಲ್ಲಿ ನಿಲ್ಲಬೇಕು. ಕಂಪ್ಯೂಟರ್ ಆದರೆ ಎಸಿ ರೂಮು." ಇದನ್ನು ಪ್ರತಿ ವರ್ಷ ಅಡ್ಮಿಷನ್ ದಿನ ಕೇಳುತ್ತೇನೆ. ಐಐಟಿಗಳ ಮಾತು ಬೇರೆ, ಅಲ್ಲಿ 2018ರಿಂದ ಹೆಚ್ಚುವರಿ ಸೀಟು ಕೊಟ್ಟು ಹುಡುಗಿಯರ ಪಾಲನ್ನು 20%ಗೆ ತರಬೇಕಾಯಿತು. ನಮ್ಮಂಥ ಕಾಲೇಜಿನಲ್ಲಿ ಬಾಗಿಲು ತೆರೆದೇ ಇದೆ. ಒಳಗೆ ಬಂದಮೇಲೆ ಎಲ್ಲಿ ಕೂರಿಸುತ್ತೇವೆ ಅನ್ನುವುದೇ ನನ್ನ ತಕರಾರು.

ಕೋಡ್_ಕೇಳುವವ

ನಾನು ಹುಟ್ಟಿನಿಂದ ಅಂಧ. ಬೆಂಗಳೂರಿನಲ್ಲಿ ಡೆವಲಪರ್. ಇಲ್ಲಿಯವರೆಗಿನ ಚರ್ಚೆಯನ್ನು ಸ್ಕ್ರೀನ್ ರೀಡರ್ ಓದಿ ಹೇಳಿತು, ನಾನು ಕೇಳಿದೆ. ಕನ್ನಡವನ್ನು ಸ್ವಲ್ಪ ರೋಬೋ ಥರ ಓದುತ್ತದೆ, ಅಭ್ಯಾಸ ಆಗಿದೆ.

2016ರ ಅಂಗವಿಕಲರ ಹಕ್ಕು ಕಾಯ್ದೆ ಬಂದಮೇಲೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5% ಸೀಟು ಮೀಸಲು. ಸೀಟು ಸಿಗುತ್ತದೆ. ಆಮೇಲಿನ ಕಥೆ ಕೇಳಿ.

ಸಾಫ್ಟ್‌ವೇರ್ ಇಂಜಿನಿಯರಿಂಗ್ ಕ್ಲಾಸಿನ ಮೊದಲ ಘಟಕ ಹೇಗೋ ಕಳೆಯಿತು. ಮಾತಿನ ಪಾಠ. ಆಮೇಲೆ ಯುಎಂಎಲ್, ಅಂದರೆ ಸಾಫ್ಟ್‌ವೇರ್‌ನ ವಿನ್ಯಾಸವನ್ನು ಚಿತ್ರದಲ್ಲಿ ತೋರಿಸುವ ಪದ್ಧತಿ ಬಂತು. ಸರ್ ಬೋರ್ಡ್ ಮೇಲೆ ಚಿತ್ರ ಬರೆದು ಹೇಳುತ್ತಿದ್ದರು: "ಇದು ಇಲ್ಲಿಂದ ಇಲ್ಲಿಗೆ ಹೋಗುತ್ತದೆ, ಇದು ಇದನ್ನು ಕರೆಯುತ್ತದೆ, ಅರ್ಥ ಆಯಿತಲ್ಲ?" ಇಡೀ ಕ್ಲಾಸು ಆಯಿತು ಸರ್ ಅಂದಿತು. ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಸರ್ ಒಳ್ಳೆಯವರು. "ನಿನಗೆ ಆ ಪ್ರಶ್ನೆ ಬಿಟ್ಟುಬಿಡುತ್ತೇವೆ" ಅಂದರು. ನನಗೆ ಬಿಡುವುದು ಬೇಕಿರಲಿಲ್ಲ, ಕಲಿಯುವುದು ಬೇಕಿತ್ತು.

ಕೆಲಸಕ್ಕೆ ಸೇರಿದ ಮೇಲೆ ಪ್ಲಾಂಟ್‌ಯುಎಂಎಲ್ ಅನ್ನುವುದು ಸಿಕ್ಕಿತು. ಅದರಲ್ಲಿ ಚಿತ್ರ ಬರೆಯುವುದಿಲ್ಲ, ಪಠ್ಯ ಬರೆಯುತ್ತೇವೆ. ಗ್ರಾಹಕನಿಂದ ಸರ್ವರ್‌ಗೆ ಒಂದು ಬಾಣ, ಅದರ ಮೇಲೆ 'ಲಾಗಿನ್' ಅಂತ ಹೆಸರು, ಹೀಗೆ ಸಾಲು ಸಾಲಾಗಿ. ಚಿತ್ರವನ್ನು ಅದೇ ಬಿಡಿಸಿಕೊಳ್ಳುತ್ತದೆ. ಮೂರು ಸಂಜೆಯಲ್ಲಿ ಸೀಕ್ವೆನ್ಸ್ ಡಯಾಗ್ರಾಮ್, ಕ್ಲಾಸ್ ಡಯಾಗ್ರಾಮ್ ಎರಡೂ ಬಂದವು. ಮೇಡಂ, ಇದನ್ನು ಇಡೀ ಕ್ಲಾಸಿಗೇ ಕಲಿಸಿ. ಪಠ್ಯ ಆದ್ದರಿಂದ ಗಿಟ್ ಅನ್ನುವ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನದಲ್ಲಿ ಇಡಬಹುದು, ಯಾರು ಯಾವ ಸಾಲು ಬದಲಿಸಿದರು ಅಂತಲೂ ಕಾಣುತ್ತದೆ. ಕಣ್ಣಿದ್ದವರಿಗೂ ಇದೇ ಅನುಕೂಲ.

ಪೈಥಾನ್ ಇಂಡೆಂಟೇಷನ್ (ಸಾಲಿನ ಶುರುವಿನಲ್ಲಿ ಬಿಡುವ ಜಾಗ) ಹೇಗೆ ಗೊತ್ತಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಎನ್‌ವಿಡಿಎ ಅಂತ ಉಚಿತ ಸ್ಕ್ರೀನ್ ರೀಡರ್ ಇದೆ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಶುರು ಮಾಡಿದ್ದು. ಅದರಲ್ಲಿ ಒಂದು ಸೆಟ್ಟಿಂಗ್ ಆನ್ ಮಾಡಿದರೆ ಇಂಡೆಂಟ್ ಬದಲಾದಾಗೆಲ್ಲ ಒಂದು ಸ್ವರ ಕೇಳುತ್ತದೆ. ಒಳಗೆ ಹೋದಷ್ಟೂ ಸ್ವರ ಬದಲಾಗುತ್ತದೆ. ನನ್ನ ಕೋಡ್ ಒಂಥರಾ ಹಾರ್ಮೋನಿಯಂ. ಲ್ಯಾಬ್‌ನ ಒಂದು ಮಷೀನಿನಲ್ಲಿ ಅದನ್ನು ಹಾಕಿಸಲು ನನಗೆ ಎರಡು ಸೆಮಿಸ್ಟರ್ ಹಿಡಿಯಿತು. 'ಅಡ್ಮಿನ್ ಪಾಸ್‌ವರ್ಡ್ ಬೇಕು' ಅನ್ನುವುದೊಂದೇ ಅಡ್ಡಿ.

ಪರೀಕ್ಷೆಯ ಕಥೆ ಬೇರೆಯೇ ಇದೆ. ನನಗೆ ಬರೆದುಕೊಡಲು ಬಂದವನು ಪಿಯು ಕಾಮರ್ಸ್ ಹುಡುಗ. ನಾನು 'ಸೆಮಿಕೋಲನ್' ಅಂದೆ. ಅವನು ಅದನ್ನು ಅಕ್ಷರದಲ್ಲಿ, ಪೂರ್ತಿ, ಸ್ಪೆಲ್ಲಿಂಗ್ ಸಮೇತ ಬರೆದ. ಪ್ರತಿ ಸಾಲಿನ ಕೊನೆಗೂ.

ಟೆಸ್ಟರ್_ಅಕ್ಕ

ಅಯ್ಯೋ ದೇವರೇ. ನಕ್ಕಿದ್ದಕ್ಕೆ ಬೈಯಬೇಡ ತಮ್ಮಾ.

ಕೋಡ್_ಕೇಳುವವ

ನಗಿ ಅಕ್ಕ, ನಾನೂ ನಗುತ್ತೇನೆ. ಅದರಲ್ಲಿ ಪಾಸೂ ಆದೆ. ಟಿ.ವಿ. ರಾಮನ್ ಅಂತ ಇದ್ದಾರೆ, ಪುಣೆಯವರು, ಐಐಟಿ ಬಾಂಬೆಯಲ್ಲಿ ಓದಿ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮಾಡಿದವರು. ಹದಿಹರೆಯದಲ್ಲೇ ಕಣ್ಣು ಹೋಯಿತು. ಈಮ್ಯಾಕ್ಸ್ ಎಡಿಟರನ್ನೇ ಮಾತಾಡುವ ಹಾಗೆ ಮಾಡಿದ ಈಮ್ಯಾಕ್‌ಸ್ಪೀಕ್ ಅವರದು. ನನ್ನ ನಾಲ್ಕು ವರ್ಷದಲ್ಲಿ ಒಬ್ಬ ಮೇಷ್ಟ್ರೂ ಅವರ ಹೆಸರು ಹೇಳಲಿಲ್ಲ. ಅವರ ಬಗ್ಗೆ ಮೊದಲ ವರ್ಷವೇ ಕೇಳಿದ್ದರೆ ನನಗೆ ಎಷ್ಟು ಧೈರ್ಯ ಬರುತ್ತಿತ್ತು.

ಮೂವತ್ತು_ವರ್ಷದ_ಮೇಷ್ಟ್ರು

"ಇದು ಇಲ್ಲಿಂದ ಇಲ್ಲಿಗೆ." ನಾನು ಮೂವತ್ತು ವರ್ಷದಿಂದ ಹೀಗೇ ಪಾಠ ಮಾಡಿದ್ದೇನೆ. ನಾಳೆಯಿಂದ ಹೆಸರು ಹಿಡಿದು ಹೇಳುತ್ತೇನೆ. ಹಿಂದಿನ ಬೆಂಚಿನವರಿಗೂ ಅದರಿಂದ ಉಪಕಾರ ಆದೀತು.

ಆದರೆ ಬ್ಯಾಚ್ ವಿಷಯದಲ್ಲಿ ನನ್ನ ಪಟ್ಟು ಬಿಟ್ಟಿಲ್ಲ. ಯಾರು ಎಷ್ಟು ಕೋಡ್ ಬರೆದರು ಅಂತ ತಿಳಿಯಲು ಗಿಟ್ ಕಮಿಟ್, ಅಂದರೆ ಹೆಸರು ಸಮೇತ ದಾಖಲಾದ ಬದಲಾವಣೆಗಳನ್ನು ಎಣಿಸಿದರೆ ಸಾಕು. ಅಂಕವನ್ನು ಅದರ ಮೇಲೆ ಕೊಡಿ. ತಾವೇ ಬರೆಯುತ್ತಾರೆ.

ಫೈನಲ್_ಇಯರ್

ಸರ್, ನಾನು ಈಗ ಏಳನೇ ಸೆಮ್. ಕಮಿಟ್ ಎಣಿಸುವ ಸ್ಕೀಮ್ ನಮ್ಮಲ್ಲಿ ಬಂದಿದೆ. ಏನಾಯಿತು ಹೇಳುತ್ತೇನೆ.

ನಮ್ಮ ಬ್ಯಾಚಿನ ನಾಲ್ಕು ಜನರಲ್ಲಿ ಲ್ಯಾಪ್‌ಟಾಪ್ ಇರುವುದು ಇಬ್ಬರಿಗೆ. ನನಗಿಲ್ಲ. ನಾನು ಬರೆಯುವುದು ಲ್ಯಾಬ್‌ನಲ್ಲಿ, ಇಲ್ಲವೇ ಸ್ನೇಹಿತನ ಲ್ಯಾಪ್‌ಟಾಪ್‌ನಲ್ಲಿ. ಅವನ ಮಷೀನಿನಲ್ಲಿ ಗಿಟ್ ಇರುವುದು ಅವನ ಹೆಸರಲ್ಲಿ. ನಾನು ಬರೆದ ಪೇಮೆಂಟ್ ಮಾಡ್ಯೂಲ್ ಪೂರ್ತಿ ಅವನ ಹೆಸರಲ್ಲಿ ಹೋಯಿತು. ಲ್ಯಾಬ್ ಮಷೀನ್ ಇನ್ನೂ ಚೆನ್ನ. ಎರಡು ವರ್ಷದ ಹಿಂದೆ ಪಾಸಾಗಿ ಹೋದ ಯಾರೋ ಸೀನಿಯರ್ ಹೆಸರು ಸೆಟ್ ಮಾಡಿ ಹೋಗಿದ್ದಾರೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಅವರದ್ದೇ ಅತಿ ಜಾಸ್ತಿ ಕಮಿಟ್.

ಎಣಿಕೆಗೆ ಅಂಕ ಅಂತ ಗೊತ್ತಾದ ದಿನದಿಂದ ಒಬ್ಬ ಸ್ಪೇಸ್ ಹಾಕಿ ಒಂದು ಕಮಿಟ್, ತೆಗೆದು ಇನ್ನೊಂದು ಕಮಿಟ್ ಮಾಡುತ್ತಿದ್ದಾನೆ.

ಇನ್ನೊಂದು ಮಾತು. ಇಲ್ಲಿ ಹೆಸರು ಇಲ್ಲದ್ದರಿಂದ ಹೇಳುತ್ತಿದ್ದೇನೆ. ಮೊದಲ ವರ್ಷ ಸೇರಿದ ವಾರದಲ್ಲಿ ಎಲ್ಲರೂ ಕೇಳುವ ಪ್ರಶ್ನೆ, "ಸಿಇಟಿ ರ‍್ಯಾಂಕ್ ಎಷ್ಟು?" ಕೇಳಲು ಸಾದಾ ಪ್ರಶ್ನೆ. ಆದರೆ ರ‍್ಯಾಂಕ್ ಹೇಳಿದ ಕೂಡಲೇ ಎದುರಿನವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಈ ರ‍್ಯಾಂಕಿಗೆ ಈ ಕಾಲೇಜು, ಈ ಬ್ರಾಂಚ್ ಸಿಕ್ಕಿದೆ ಅಂದರೆ ಯಾವ ಕೆಟಗರಿ ಅಂತ. ನಾನು ಎಸ್‌ಸಿ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಮುಂದಿನ ವಾರ ಮಿನಿ ಪ್ರಾಜೆಕ್ಟ್ ಬ್ಯಾಚ್ ಆದಾಗ ವಾಟ್ಸಾಪ್ ಗ್ರೂಪಿಗೆ ನನ್ನನ್ನು ಸೇರಿಸಿರಲಿಲ್ಲ, ಅಷ್ಟೇ. 'ಮರೆತುಹೋಯಿತು' ಅಂದರು.

'ಬ್ಯಾಚ್ ಅವರೇ ಮಾಡಿಕೊಳ್ಳಲಿ, ಸ್ನೇಹ ಕೆಡುತ್ತದೆ' ಅಂದಿರಿ ಸರ್. ಯಾರ ಸ್ನೇಹ?

ಮೂವತ್ತು_ವರ್ಷದ_ಮೇಷ್ಟ್ರು

ಮಗು, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಮಾತು ವಾಪಸ್ ತಗೊಳ್ಳುತ್ತೇನೆ.

ಲ್ಯಾಬ್_ಮೇಡಂ

ಫೈನಲ್_ಇಯರ್, ನೀನು ಬರೆದದ್ದು ನಿನ್ನ ಹೆಸರಲ್ಲೇ ಬರುವಂತೆ ಮಾಡಬಹುದು. ಕಮಿಟ್ ಸಂದೇಶದ ಕೊನೆಯಲ್ಲಿ 'ಕೋ-ಆಥರ್ಡ್-ಬೈ' ಅಂತ ಒಂದು ಸಾಲು, ಅದರ ಮುಂದೆ ನಿನ್ನ ಹೆಸರು, ಇಮೇಲ್. ಗಿಟ್ ಕೋಡ್ ಇಡುವ ತಾಣವಾದ ಗಿಟ್‌ಹಬ್ 2018ರಿಂದ ಅದನ್ನು ಇಬ್ಬರ ಲೆಕ್ಕಕ್ಕೂ ಹಾಕುತ್ತದೆ. ಇವತ್ತೇ ನಿನ್ನ ಬ್ಯಾಚಿಗೆ ಹೇಳು. ಗೈಡ್‌ಗೂ ಹೇಳು, ಸಂಕೋಚ ಬೇಡ. ಲ್ಯಾಬ್ ಮಷೀನಿನ ಗಿಟ್ ಹೆಸರು ಅಳಿಸುವುದನ್ನು ನಾನು ನಾಳೆ ನಮ್ಮಲ್ಲಿ ಮಾಡಿಸುತ್ತೇನೆ. ಉಳಿದ ಮಾತಿನ ಬಗ್ಗೆ ಯೋಚಿಸುತ್ತಿದ್ದೇನೆ.

ಕಡಲಾಚೆ_ಕನ್ನಡಿಗ

ಬ್ಯಾಚ್ ಮಾಡುವ ಕೆಲಸವನ್ನು ಇಲ್ಲಿ ಬಹಳ ಕಡೆ ಮೇಷ್ಟ್ರೇ ಮಾಡುತ್ತಾರೆ. ಕ್ಯಾಟ್‌ಮಿ ಅಂತ ಒಂದು ಸಾಧನ ಇದೆ, ಪರ್ಡ್ಯೂ ವಿಶ್ವವಿದ್ಯಾಲಯದ್ದು. ಯಾರಿಗೆ ಯಾವ ಹೊತ್ತು ಬಿಡುವು, ಯಾರಿಗೆ ಏನು ಬರುತ್ತದೆ ಅಂತ ಮಕ್ಕಳನ್ನೇ ಕೇಳಿ ಗುಂಪು ಮಾಡುತ್ತದೆ.

ಮೇಷ್ಟ್ರೇ ಮಾಡಿದರೂ ಒಂದು ಹಳ್ಳ ಇದೆ. 'ನ್ಯಾಯ' ಮಾಡುತ್ತೇನೆ ಅಂತ ಹುಡುಗಿಯರನ್ನು ಬ್ಯಾಚಿಗೊಬ್ಬರಂತೆ ಹಂಚುತ್ತಾರೆ. ನಾಲ್ಕು ಜನರಲ್ಲಿ ಒಬ್ಬಳೇ ಆದರೆ ಅವಳ ಕೈಗೆ ರಿಪೋರ್ಟ್ ಬೀಳುವುದು ಖಾತ್ರಿ. ಮೊದಲ ವರ್ಷಗಳಲ್ಲಾದರೂ ಇಬ್ಬಿಬ್ಬರನ್ನು ಒಟ್ಟಿಗೆ ಇಡಿ, ಒಬ್ಬರನ್ನೇ ಬಿಡಬೇಡಿ ಅಂತ ಈ ವಿಷಯ ಅಧ್ಯಯನ ಮಾಡಿದವರು ಹೇಳುತ್ತಾರೆ. ಡಿಪ್ಲೊಮಾ ಹುಡುಗರಿಗೂ ಇದೇ ಲೆಕ್ಕ.

ನಾನ್ನೂರರ_ಹುಡುಗ

ಹೌದಣ್ಣ. ಹತ್ತು ಜನ ಒಂದೇ ಮೂಲೆಯೂ ಬೇಡ, ಒಬ್ಬೊಬ್ಬನೇ ಚದುರುವುದೂ ಬೇಡ.

ಒತ್ತಕ್ಷರ

ಎಲ್ಲರೂ ಬ್ಯಾಚ್ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಪಾಠದ ಒಳಗಿನ ವಿಷಯಕ್ಕೆ ಬರುತ್ತೇನೆ.

ನಾವು ಓದುವ, ಸಮ್ಮರ್‌ವಿಲ್ ಬರೆದ ಸಾಫ್ಟ್‌ವೇರ್ ಇಂಜಿನಿಯರಿಂಗ್ ಪುಸ್ತಕದಲ್ಲಿ ಉದಾಹರಣೆ ಯಾವುದು? ಇನ್ಸುಲಿನ್ ಪಂಪ್, ಕಾಡಿನ ನಡುವಿನ ಹವಾಮಾನ ಕೇಂದ್ರ. ಒಳ್ಳೆಯ ಉದಾಹರಣೆಗಳೇ, ದೂರಿಲ್ಲ. ನಾವು ಕ್ಲಾಸಿನಲ್ಲಿ ಕೊಡುವುದು ಮಾತ್ರ ವರ್ಷಾನುಗಟ್ಟಲೆ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್, ಅದೇ ಎಟಿಎಂ. ಹಳ್ಳಿಯಿಂದ ಬಂದ ಮಗುವಿಗೆ ಗೊತ್ತಿರುವ ವ್ಯವಸ್ಥೆ ಎಷ್ಟಿವೆ! ಬೆಳಿಗ್ಗೆ ಡೇರಿಯಲ್ಲಿ ಹಾಲಿನ ಫ್ಯಾಟ್ ಅಳೆದು ರೇಟು ಹಾಕುವುದು. ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿಯ ಬೆರಳಚ್ಚು ಹೊಂದದೆ ಅಕ್ಕಿ ಸಿಗದಿರುವುದು. ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿರುವುದು. ಪಹಣಿಯನ್ನು ಕಂಪ್ಯೂಟರ್‌ಗೆ ಹಾಕಲು 2000ದಲ್ಲಿ ಶುರುವಾದ ಭೂಮಿ ಯೋಜನೆಯನ್ನು ಕೇಸ್ ಸ್ಟಡಿ ಮಾಡಿಕೊಟ್ಟು ನೋಡಿ. ಬಾಯಿಬಿಡದ ಹುಡುಗ ಅವತ್ತು ಬಾಯಿಬಿಡುತ್ತಾನೆ. ರಿಕ್ವೈರ್‌ಮೆಂಟ್ ಅಂದರೇನು ಅಂತ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು, ಸಾಲಿನಲ್ಲಿ ನಿಂತವನು ಅವನು.

ನಾನು ಕೊಡುವ ಎರಡು ಅಸೈನ್‌ಮೆಂಟ್ ಹೇಳುತ್ತೇನೆ.

ಒಂದು, ಹೆಸರಿನ ಫಾರ್ಮ್. 'ಫಸ್ಟ್ ನೇಮ್, ಲಾಸ್ಟ್ ನೇಮ್ ಕಡ್ಡಾಯ' ಅಂತ ಎಲ್ಲರೂ ಕಣ್ಣು ಮುಚ್ಚಿ ಬರೆಯುತ್ತಾರೆ. ಆಮೇಲೆ ಕ್ಲಾಸಿನವರ ಹೆಸರನ್ನೇ ಅದರಲ್ಲಿ ತುಂಬಲು ಹೇಳುತ್ತೇನೆ. ಮೈಸೂರು ಕಡೆಯವರಿಗೆ ಇನಿಷಿಯಲ್ ಮಾತ್ರ ಇರುತ್ತದೆ, ಒಂದು ಊರಿನದು, ಒಂದು ಅಪ್ಪನದು. ಲಾಸ್ಟ್ ನೇಮ್‌ಗೆ ಚುಕ್ಕೆ ಹಾಕಿದರೆ ಫಾರ್ಮ್ ಒಪ್ಪುವುದಿಲ್ಲ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುತ್ತದೆ, ಅವರಿಗೆ ಸಲೀಸು. ಕೆಲವರು ಜಾತಿ ತಿಳಿಯಬಾರದು ಅಂತಲೇ ಅಡ್ಡಹೆಸರು ಬಿಟ್ಟಿರುತ್ತಾರೆ. ಅದನ್ನು ಕಡ್ಡಾಯ ಮಾಡುವ ಒಂದು ಕೆಂಪು ನಕ್ಷತ್ರ ಚಿಹ್ನೆ ಏನು ಮಾಡುತ್ತದೆ ಅಂತ ಅವತ್ತು ಗೊತ್ತಾಗುತ್ತದೆ.

ಎರಡು, 'ಸ್ತ್ರೀ' ಅನ್ನುವ ಪದದ ಉದ್ದ ಎಷ್ಟು ಅಂತ ಜಾವಾದಲ್ಲಿ ಕೇಳಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಜಾವಾ 6 ಅನ್ನುತ್ತದೆ. ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘದ ಈ. ಈಗ ಆ ಪದವನ್ನು ತಿರುಗಿಸಿ ಅಂತ ಹೇಳಿ, ಚೂರುಚೂರಾಗುತ್ತದೆ. ಹೆಸರನ್ನು ಹತ್ತು ಅಕ್ಷರಕ್ಕೆ ಕತ್ತರಿಸುವ ಕೋಡ್ ಕನ್ನಡದ ಹೆಸರನ್ನು ಎಲ್ಲಿ ಕತ್ತರಿಸುತ್ತದೆ ಅಂತ ತೋರಿಸಿ. ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಅವತ್ತು ಇಡೀ ಕ್ಲಾಸಿಗೆ ಕಾಗುಣಿತ ಪಾಠ ಮಾಡಿದಳು. ಅದುವರೆಗೆ ಅವಳ ದನಿಯೇ ನಾನು ಕೇಳಿರಲಿಲ್ಲ.

ಕೋಡ್_ಕೇಳುವವ

ಒತ್ತಕ್ಷರ ಸರ್, ಮೂರನೆಯದು ನನ್ನ ಕಡೆಯಿಂದ. ಮೌಸ್ ಕಿತ್ತು ಪಕ್ಕಕ್ಕಿಡಿ. ಬರೀ ಟ್ಯಾಬ್ ಮತ್ತು ಎಂಟರ್ ಒತ್ತಿ ತಮ್ಮದೇ ಆ್ಯಪ್‌ನಲ್ಲಿ ಒಂದು ಟಿಕೆಟ್ ಬುಕ್ ಮಾಡಲು ಹೇಳಿ. ಹತ್ತರಲ್ಲಿ ಎಂಟು ಬ್ಯಾಚ್ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತವೆ ಅಂತ ನನ್ನ ಪಂಥ. ಮಂದ ಬಣ್ಣದ ಮೇಲೆ ಮಂದ ಅಕ್ಷರ ಬರೆಯುವವರಿಗೆ 4.5ಕ್ಕೆ 1 ಅನ್ನುವ ಕಾಂಟ್ರಾಸ್ಟ್ ನಿಯಮ ಹೇಳಿ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅಷ್ಟಾದರೂ ಇರಬೇಕು ಅಂತ, ವೆಬ್ ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ.

ಮಿಡಲ್_ಬೆಂಚ್

ಸ್ಟ್ಯಾಂಡಪ್ ಮೀಟಿಂಗ್ (ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಅಂತ ಚುಟುಕಾಗಿ ಹೇಳುವುದು) ಕನ್ನಡದಲ್ಲಿ ಮಾಡಬಹುದಾ? ನಮ್ಮ ಮೇಡಂ ಇಂಗ್ಲಿಷ್‌ನಲ್ಲೇ ಹೇಳಬೇಕು ಅಂತಾರೆ. ಎಲ್ಲರೂ "ಎಸ್ಟರ್ಡೇ ಐ ಡಿಡ್ ಲಾಗಿನ್ ಪೇಜ್" ಅಂತ ಹದಿನೈದು ದಿನದಿಂದ ಅದೇ ಹೇಳುತ್ತಿದ್ದೇವೆ.

ಟೆಸ್ಟರ್_ಅಕ್ಕ

ನನ್ನ ಅನುಭವದಲ್ಲಿ, ಯೋಚನೆ ಕನ್ನಡದಲ್ಲಿ ಆಗಲಿ, ಬರಹ ಇಂಗ್ಲಿಷ್‌ನಲ್ಲಿ ಆಗಲಿ. ಬಗ್ ಯಾಕೆ ಬಂತು ಅಂತ ಕನ್ನಡದಲ್ಲಿ ಜಗಳ ಆಡಿ, ಆಮೇಲೆ ನಾಲ್ಕು ಸಾಲು ಇಂಗ್ಲಿಷ್‌ನಲ್ಲಿ ಬರೆಯಿರಿ. ಬ್ಯಾಚಿನಲ್ಲಿ ಕನ್ನಡ ಬಾರದವರಿದ್ದರೆ ಮಾತ್ರ ಅವರನ್ನು ಬಿಟ್ಟು ಮಾತಾಡಬೇಡಿ. ಹೊರಗೆ ಕೂರಿಸುವುದು ಅಂದರೆ ಅದೂ ಸೇರುತ್ತದೆ ಅಲ್ವಾ?

ಲ್ಯಾಬ್_ಮೇಡಂ (ನಾಲ್ಕು ತಿಂಗಳ ನಂತರ)

ಸೆಮಿಸ್ಟರ್ ಮುಗಿಯಿತು. ಏನು ಮಾಡಿದೆ, ಏನಾಯಿತು ಅಂತ ಹೇಳುವುದಾಗಿ ಕೆಲವರಿಗೆ ಮಾತು ಕೊಟ್ಟಿದ್ದೆ.

ಮಿನಿ ಪ್ರಾಜೆಕ್ಟ್ ಬ್ಯಾಚ್ ನಾನೇ ಮಾಡಿದೆ. ಯುಎಸ್‌ಎನ್ ನೋಡಲಿಲ್ಲ. ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಕೇಳಿದೆ: ಲ್ಯಾಪ್‌ಟಾಪ್ ಇದೆಯಾ, ಸಂಜೆ ಎಷ್ಟು ಗಂಟೆಯವರೆಗೆ ಇರಬಲ್ಲೆ, ಏನು ಕಲಿಯಬೇಕು ಅಂತ ಆಸೆ. ಮೂರನೆಯ ಪ್ರಶ್ನೆಗೆ ಒಬ್ಬಳೂ 'ಪಿಪಿಟಿ' ಅಂತ ಬರೆಯಲಿಲ್ಲ. ಡಿಪ್ಲೊಮಾದವರನ್ನು ಇಬ್ಬಿಬ್ಬರಂತೆ ಸೇರಿಸಿದೆ. ಪ್ರತಿ ಬ್ಯಾಚಿಗೂ ಕನಿಷ್ಠ ಎರಡು ಲ್ಯಾಪ್‌ಟಾಪ್ ಬರುವ ಹಾಗೆ ನೋಡಿಕೊಂಡೆ. ಮೊದಲ ವಾರ ಗಲಾಟೆ ಆಯಿತು. ಎಚ್‌ಒಡಿ ಹತ್ತಿರ ದೂರು ಹೋಯಿತು. ಎರಡನೇ ವಾರ ತಣ್ಣಗಾಯಿತು.

ಲ್ಯಾಬ್‌ನಲ್ಲಿ ಜೋಡಿಯಾಗಿ ಕೂರಿಸಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈ ಬದಲಾಗಬೇಕು. ಹೀಗೆ ಜೋಡಿಯಾಗಿ ಬರೆಸಿದರೆ ಕೋರ್ಸ್ ಬಿಡುವವರು ಕಡಿಮೆ ಆಗುತ್ತಾರೆ ಅಂತ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಮೇಷ್ಟ್ರುಗಳು 2000ದ ದಶಕದ ಶುರುವಿನಲ್ಲೇ ತೋರಿಸಿದ್ದರು. ನಾನು ಓದಿದ್ದೆ, ಮಾಡಿರಲಿಲ್ಲ. ಮೊಬೈಲ್‌ನಲ್ಲಿ ಅಲಾರಂ ಇಟ್ಟೆ. ಮೂರನೇ ವಾರದಿಂದ ಅಲಾರಂ ಹೊಡೆದಾಗ ಎಲ್ಲರೂ 'ಶಾಲೆ ಬೆಲ್ಲು' ಅಂತ ನಗುತ್ತಿದ್ದರು, ಆದರೂ ಕುರ್ಚಿ ಬದಲಿಸುತ್ತಿದ್ದರು. ಇಪ್ಪತ್ತು ನಿಮಿಷ ತೀರಾ ಕಡಿಮೆ, ಯೋಚನೆ ತುಂಡಾಗುತ್ತದೆ ಅಂತ ಕೆಲವರು ಹೇಳಿದರು. ನಿಜ. ಮೂವತ್ತು ಮಾಡಿದೆ.

ಹಾಸ್ಟೆಲ್ ಗೇಟಿನ ಸಮಯ ಬದಲಿಸಲು ನನ್ನಿಂದ ಆಗಲಿಲ್ಲ. ಪತ್ರ ಬರೆದೆ, 'ಪೋಷಕರು ಒಪ್ಪುವುದಿಲ್ಲ' ಅಂತ ಉತ್ತರ ಬಂತು. ಲ್ಯಾಬನ್ನೇ ಬೆಳಿಗ್ಗೆ 7.30ಕ್ಕೆ ತೆರೆಸಿದೆ. ಅಟೆಂಡರ್‌ಗೆ ಕಾಫಿ ನನ್ನ ಖರ್ಚು. ಬೆಳಿಗ್ಗೆ ಬರುವವರಲ್ಲಿ ಹುಡುಗಿಯರೇ ಜಾಸ್ತಿ. ಬಸ್ಸಿನಲ್ಲಿ ಹಳ್ಳಿಯಿಂದ ಬರುವವರಿಗೆ ಮಾತ್ರ ಇದು ಆಗಿಬರಲಿಲ್ಲ, ಅವರ ಬಸ್ಸು ಬರುವುದೇ 8.45ಕ್ಕೆ. ಅವರ ತೊಂದರೆ ಹಾಗೇ ಉಳಿದಿದೆ.

ಕಮಿಟ್ ಎಣಿಸಲಿಲ್ಲ. ವೈವಾದಲ್ಲಿ ಯಾವುದೋ ಒಂದು ಫೈಲ್ ತೆರೆದು, "ಇಲ್ಲಿ ಒಂದು ಬದಲಾವಣೆ ಮಾಡು, ನಾನು ನೋಡುತ್ತೇನೆ" ಅಂದೆ. ಯಾರು ಬರೆದದ್ದಾದರೂ ಸರಿ, ಬ್ಯಾಚಿನ ಯಾರನ್ನಾದರೂ ಕೇಳಬಹುದು ಅಂತ ಮೊದಲೇ ಹೇಳಿದ್ದೆ. ಹುಡುಗರಲ್ಲಿ ಇಬ್ಬರು ರಿಪೋರ್ಟಿನ ಒಂದು ಅಧ್ಯಾಯ ವಿವರಿಸಲಾರದೆ ಸಿಕ್ಕಿಬಿದ್ದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಎಲ್ಲ ಸರಿಯಾಯಿತು ಅಂತಲ್ಲ. ಒಬ್ಬಳು ಬಂದು ನೇರವಾಗಿ ಕೇಳಿದಳು, "ಮೇಡಂ, ನನಗೆ ನಿಜವಾಗಿ ಟೆಸ್ಟಿಂಗ್ ಇಷ್ಟ. ಹುಡುಗಿ ಅಂತ ನನ್ನನ್ನು ಯಾಕೆ ಕೋಡ್‌ಗೆ ಎಳೆಯುತ್ತೀರಿ?" ಅವಳ ಮಾತೂ ಸರಿಯೇ. ಅವಳಿಗೆ ಟೆಸ್ಟಿಂಗ್ ಬಿಟ್ಟುಕೊಟ್ಟೆ. ಅವಳು ಬ್ಯಾಚಿನವರ ಕೋಡ್‌ನಲ್ಲಿ ಹುಡುಕಿದ ತಪ್ಪುಗಳ ಪಟ್ಟಿ ನಾಲ್ಕು ಪುಟ ಇತ್ತು.

ವಾಟ್ಸಾಪ್ ಗ್ರೂಪಿನ ವಿಷಯ, ಫೈನಲ್_ಇಯರ್ ಹೇಳಿದ್ದು. ಈಗ ಬ್ಯಾಚ್ ಗ್ರೂಪ್ ನಾನೇ ಮಾಡಿ, ಎಲ್ಲರನ್ನೂ ಸೇರಿಸಿ, ನಾನು ಹೊರಬರುತ್ತೇನೆ. ಅವರು ಬೇರೆ ಗ್ರೂಪ್ ಮಾಡಿಕೊಂಡರೆ ನನಗೆ ಗೊತ್ತಾಗುವುದಿಲ್ಲ. ಒಂದು ಬ್ಯಾಚಿನಲ್ಲಿ ಹಾಗೆ ಆಗಿದೆ ಅಂತ ಅನುಮಾನ ಇದೆ.

ಫೈನಲ್_ಇಯರ್

ಧನ್ಯವಾದ ಮೇಡಂ. ನನ್ನ ಗೈಡ್‌ಗೆ ಕೋ-ಆಥರ್ ವಿಷಯ ಹೇಳಿದೆ. ಮೊದಲು "ಅದೆಲ್ಲ ಬೇಡ" ಅಂದರು. ಎರಡನೇ ಸಲ ಕೇಳಿದಾಗ ಹೇಗೆ ಮಾಡುವುದು ಅಂತ ನನ್ನಿಂದಲೇ ಕಲಿತು ಇಡೀ ಕ್ಲಾಸಿಗೆ ಹೇಳಿಸಿದರು. ಲ್ಯಾಬ್ ಮಷೀನಿನಿಂದ ಆ ಸೀನಿಯರ್ ಹೆಸರೂ ಹೋಯಿತು. ಒಂಥರಾ ಬೇಜಾರೂ ಆಯಿತು, ಪಾಪ ತುಂಬಾ ಕೆಲಸ ಮಾಡಿದ್ದರು.

ಟೆಸ್ಟರ್_ಅಕ್ಕ

ಮೇಡಂ, ಒಂದೇ ಪ್ರಶ್ನೆ. ಈ ಸಲ ಬೈಂಡಿಂಗ್ ಅಂಗಡಿಗೆ ಯಾರು ಹೋದರು?

ಲ್ಯಾಬ್_ಮೇಡಂ

ಇಬ್ಬರು ಹುಡುಗರು. ರೆಕ್ಸಿನ್ ಮೇಲೆ ಕಾಲೇಜಿನ ಹೆಸರಿನಲ್ಲೇ ಒಂದು ಸ್ಪೆಲ್ಲಿಂಗ್ ತಪ್ಪಿದೆ, ಬಂಗಾರದ ಅಕ್ಷರದಲ್ಲಿ. ನಾಲ್ಕೂ ಪ್ರತಿ.